ಹಿತ್ತಲ ಮಣ್ಣು, ಐದು ಬೆಕ್ಕು

ನಾನು ನಿಂತಿದ್ದು ಹಳ್ಳದ ಈಚೆ ದಂಡೆಯಲ್ಲಿ, ನಮ್ಮ ಹಳೆ ಊರಿಗೆ ಇಳಿಯುವ ಬಂಡಿದಾರಿ ನೀರಿನೊಳಗೆ ಮರೆಯಾದ ಜಾಗದಿಂದ ಹತ್ತು ಹೆಜ್ಜೆ ಹಿಂದೆ, ಬನ್ನಿ ಗಿಡದ ಎಡಕ್ಕೆ. ಅಂದು ಶ್ರಾವಣದ ನೂಲ ಹುಣ್ಣಿಮೆ. ಆಲಮಟ್ಟಿಯಲ್ಲಿ ಗೇಟು ಇಳಿಸಿ ನೀರು ನಿಲ್ಲಿಸತೊಡಗಿದ ಮೇಲೆ ಬಂದ ಎರಡನೆಯ ಮಳೆಗಾಲ. ಬೆಳಿಗ್ಗೆ ಎಂಟೂವರೆ ಆಗಿತ್ತು. ಒಂಬತ್ತಕ್ಕೆ ಶಾಲೆಯ ಪ್ರಾರ್ಥನೆ ಇದ್ದುದರಿಂದ ಗಡಿಯಾರ ನೋಡಿಕೊಂಡಿದ್ದೆ. ಎದುರಿಗೆ ನೀರು, ನೀರಿನ ಆಚೆ ಊರ ದಿನ್ನೆ, ದಿನ್ನೆಯ ಮೇಲೆ ಮೇಲಿನ ಓಣಿಯ ಗೋಡೆಗಳು. ತೊಲೆ, ಜಂತಿ, ಬಾಗಿಲು ಎಲ್ಲವನ್ನೂ ಜನ ಕಿತ್ತು ಒಯ್ದಿದ್ದರಿಂದ ಗೋಡೆಗಳಷ್ಟೇ ಉಳಿದಿದ್ದವು. ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಮೂರು ಬೆಕ್ಕು ಕೂತಿದ್ದವು. ನನಗೆ ಕಂಡದ್ದು ಮೂರು. ನಾನು ಅಲ್ಲಿ ಬಿಟ್ಟು ಬಂದದ್ದು ಐದು.

ಇದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ. ಹೋದ ವಾರ ಮೊದಲ ಮಳೆ ಬಿದ್ದ ಮರುದಿನ ಹಿತ್ತಲ ಬಾಗಿಲು ತೆರೆದಾಗ, ಒದ್ದೆ ಮಣ್ಣಿನ ವಾಸನೆಯ ಜೊತೆಗೆ ಬೆಕ್ಕಿನ ಉಚ್ಚೆಯ ವಾಸನೆ ಮೂಗಿಗೆ ಸೂಜಿಯಂತೆ ಚುಚ್ಚಿತು. ಬದನೆ ಗಿಡದ ಬುಡದಲ್ಲಿ ಮಣ್ಣು ಕೆದರಿ ಸಣ್ಣ ಗುಡ್ಡೆ ಮಾಡಿತ್ತು. ಕೈಯಲ್ಲಿ ಕೋಲು ಹಿಡಿದೇ ಹೊರಗೆ ಬಂದಿದ್ದವನು ಅದನ್ನು ಗೋಡೆಗೆ ಒರಗಿಸಿ ಒಳಗೆ ಬಂದು ಕೂತೆ.

"ಯಾಕ್ರಿ, ಮತ್ತ ಬಂದಾವೇನು?" ಎಂದು ಹೆಂಡತಿ ಶಾಂತಾ ಕೇಳಿದಳು.

"ಬಂದಾವ" ಅಂದೆ.

ಆಕೆ ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ನಮ್ಮ ಊರು ಬೀಳಗಿ ತಾಲೂಕಿನಲ್ಲಿ ಗಲಗಲಿಯ ಆಸುಪಾಸಿನಲ್ಲಿ ಕೃಷ್ಣೆಯ ದಂಡೆಯ ಮೇಲಿತ್ತು. ನಾನು ಅಲ್ಲಿಯ ಕನ್ನಡ ಶಾಲೆಯ ಮಾಸ್ತರ. ಅಣೆಕಟ್ಟಿನ ಹಿನ್ನೀರಿಗೆ ಊರು ಹೋಗುತ್ತದೆಂದು ನಿಶ್ಚಯವಾದ ಮೇಲೆ, ನಾಲ್ಕು ಮೈಲಿ ದೂರದ ಗುಡ್ಡದ ಬದಿಗೆ ನಮಗೆ ಜಾಗ ಕೊಟ್ಟರು. ಕಾಗದದಲ್ಲಿ ಅದು ಪುನರ್ವಸತಿ ಕೇಂದ್ರ, ಜನರ ಬಾಯಲ್ಲಿ ಬರೀ 'ಸೆಂಟರ್'. ಬೇಸಿಗೆಯಲ್ಲಿ ಸಾಮಾನು ಹೇರಿಕೊಂಡು ಬಂದೆವು, ಶಾಲೆಯೂ ಗುಡ್ಡದ ಕೆಳಗಿನ ಒಂದು ಶೆಡ್ಡಿಗೆ ಬಂತು. ನೇರ ರಸ್ತೆ, ನೇರ ಕಂಬ, ಸಾಲಾಗಿ ತಗಡಿನ ಪತ್ರಾಸು ಹೊದಿಸಿದ ಶೆಡ್ಡುಗಳು. ನೆಲ ಮಾತ್ರ ಗರಸು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಒಂದು ತುಳಸಿ ನೆಡಬೇಕಾದರೂ ಹಾರೆ ಬೇಕು.

ಆಗ ನಾನು ಮಾಡಿದ ಒಂದು ಕೆಲಸದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ಉಳಿದವರು ಟ್ರ್ಯಾಕ್ಟರಿನಲ್ಲಿ ತೊಲೆ, ಕಲ್ಲು ತಂದರು. ನಾನು ಮಣ್ಣು ತಂದೆ. ಅಪ್ಪನ ಹೊಳೆದಂಡೆಯ ಹೊಲದ ಕಪ್ಪು ಮೆಕ್ಕಲು ಮಣ್ಣು, ಆರು ಟ್ರೇಲರ್. ಟ್ರ್ಯಾಕ್ಟರ್ ರಾಜೇಸಾಬನದು. ಆತ ನಮ್ಮೂರಿನವನೇ, ಚಿಕ್ಕಂದಿನಲ್ಲಿ ನನ್ನ ಕೈಯಲ್ಲಿ ಅಕ್ಷರ ಕಲಿತವನು.

"ಸರ, ಮಂದಿ ಬಂಗಾರದಂಥಾ ಸಾಗವಾನಿ ತೊಲಿ ಒಯ್ಯಾಕತ್ತಾರ. ನೀವು ಮಣ್ಣು ಹೇರಾಕತ್ತೀರಲ್ರಿ?" ಎಂದು ಆತ ನಕ್ಕಿದ್ದ.

"ತೊಲಿ ಅಂಗಡ್ಯಾಗ ಸಿಗ್ತೈತೋ. ಈ ಮಣ್ಣು ಎಲ್ಲಿ ಸಿಗ್ತೈತಿ?" ಅಂದಿದ್ದೆ.

ಆ ಮಣ್ಣನ್ನು ಶೆಡ್ಡಿನ ಹಿಂದೆ ಮೊಣಕಾಲೆತ್ತರ ಹರಡಿ, ಸುತ್ತ ಕಲ್ಲಿನ ಅಂಚು ಕಟ್ಟಿದೆ. ಮೃಗಶಿರಾ ಮಳೆಗೆ ಮೆಂತ್ಯೆ, ಕೊತ್ತಂಬರಿ, ಮೂಲಂಗಿ ಹಾಕಿದೆ. ಒಂದು ಬದಿಗೆ ಬದನೆ, ಇನ್ನೊಂದು ಬದಿಗೆ ಸೇವಂತಿಗೆ. ಎಂಟು ದಿನಕ್ಕೆ ಹಸಿರು ಕಂಡಿತು. ಇಡೀ ಸೆಂಟರಿನಲ್ಲಿ ಹಸಿರು ಇದ್ದದ್ದು ಅದೊಂದೇ ಕಡೆ. ಸಂಜೆಗೆ ಜನ ಬಂದು ನಿಂತು ನೋಡಿ ಹೋಗುತ್ತಿದ್ದರು. ಕೆಲವರು ಒಂದು ಚಿಟಿಕೆ ಮಣ್ಣು ತೆಗೆದು ಮೂಸಿ ನೋಡಿದ್ದೂ ಉಂಟು.

ಬೆಕ್ಕುಗಳೂ ಬಂದವು. ಅವು ಬರಲೇಬೇಕಿತ್ತೆಂದು ಈಗ ತಿಳಿಯುತ್ತದೆ. ಬೆಕ್ಕು ಕೆದರಿ, ಕೂತು, ಮುಚ್ಚಿ ಹೋಗುವ ಪ್ರಾಣಿ. ಗರಸಿನಲ್ಲಿ ಅದು ಏನು ಕೆದರೀತು? ಸೆಂಟರಿಗೆ ಬಂದ ಬೆಕ್ಕುಗಳಿಗೆಲ್ಲ ಉಗುರು ಇಳಿಯುವ ಮಣ್ಣು ಇದ್ದದ್ದು ನನ್ನ ಹಿತ್ತಲಲ್ಲಿ ಮಾತ್ರ. ಬೆಳಿಗ್ಗೆ ಎದ್ದರೆ ಮೆಂತ್ಯೆಯ ಮಡಿಯಲ್ಲಿ ನಾಲ್ಕೈದು ಕಡೆ ಗುಂಡಿ, ಕಿತ್ತು ಬಿದ್ದ ಸಸಿ, ಹೊಲಸು ವಾಸನೆ. ಶಾಂತಾ ಕೊಯ್ದ ಸೊಪ್ಪನ್ನು ಮೂರು ಸಲ ತೊಳೆದು, ಮೂಸಿ, ಕಡೆಗೆ ತಿಪ್ಪೆಗೆ ಎಸೆದಳು.

"ಅಪ್ಪನ ಹೊಲದ ಮಣ್ಣಿನಾಗ ಸಂಡಾಸ ಮಾಡಿ ಹೋಗ್ತಾವಲ್ಲ" ಎಂದು ನಾನು ಹಲ್ಲು ಕಡಿದೆ.

"ಮತ್ತೇನ್ ಮಾಡ್ಬೇಕ್ರಿ ಅವು? ನಮಗ ಕಟ್ಟಿಸಿಕೊಟ್ಟಾರ, ಅವಕ್ಕ ಕಟ್ಟಿಸಿಕೊಟ್ಟಿಲ್ಲ. ಬೆಕ್ಕಿನ ಹೆಸರ್ಲೆ ಒಂದು ಅರ್ಜಿ ಬರದು ಬೀಳಗಿಗೆ ಕೊಟ್ಟ ಬರ್‍ರಿ" ಅಂದಳು ಶಾಂತಾ.

ನಾನು ನಗಲಿಲ್ಲ. ಮೊದಲು ಮಡಿಯ ಸುತ್ತ ಜಾಲಿಯ ಮುಳ್ಳು ಹಾಸಿದೆ. ಅವು ಕಲ್ಲಿನ ಅಂಚಿನಿಂದ ಒಳಗೆ ಜಿಗಿದವು. ಮುಳ್ಳು ಚುಚ್ಚಿದ್ದು ನನ್ನ ಕಾಲಿಗೆ. ಬಾಟಲಿಗಳಲ್ಲಿ ನೀಲಿ ಬೆರೆಸಿದ ನೀರು ತುಂಬಿ ಸಾಲಾಗಿ ನಿಲ್ಲಿಸಿದೆ. ಒಂದು ಬೆಕ್ಕು ಬಾಟಲಿಗೆ ಮೈ ಉಜ್ಜಿ ಹೋಯಿತು. ಖಾರದ ಪುಡಿ ಎರಚಿದೆ. ಗಾಳಿ ತಿರುಗಿ, ನಾನೇ ಅರ್ಧ ದಿನ ಕಣ್ಣು ತೊಳೆದುಕೊಂಡು ಶಾಲೆಗೆ ಕೆಂಗಣ್ಣಿನಲ್ಲಿ ಹೋದೆ. ಬೇವಿನ ಹಿಂಡಿ ಹಾಕಿದೆ. ಗಿಡಕ್ಕೆ ಒಳ್ಳೆಯದಾಯಿತು, ಬೆಕ್ಕಿಗೆ ಏನೂ ಆಗಲಿಲ್ಲ. ಮಣ್ಣು ಸದಾ ಹಸಿಯಾಗಿದ್ದರೆ ಅವು ಕೂರುವುದಿಲ್ಲವೆಂದು ಯಾರೋ ಹೇಳಿದರು. ಆದರೆ ನೀರು ಬರುತ್ತಿದ್ದದ್ದು ಟ್ಯಾಂಕರಿನಲ್ಲಿ, ಮನೆಗೆ ಇಷ್ಟು ಕೊಡ ಎಂದು.

ಸರಿಯಾದ ಉಪಾಯ ಹೇಳಿದವಳು ಗಂಗವ್ವ. ಆಕೆ ನಮ್ಮ ಪಕ್ಕದ ಶೆಡ್ಡಿನವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡನನ್ನು ಕಳೆದುಕೊಂಡ ಮೇಲೆ ತಾನೇ ನಿಂತು ಹೊಳೆದಂಡೆಯ ಹೊಲ ಮಾಡಿಸಿದವಳು. ನನ್ನ ಹಿತ್ತಲಿಗೆ ಬರುತ್ತಿದ್ದ ಐದರಲ್ಲಿ ಒಂದು ಆಕೆಯ ಬೆಕ್ಕು. ಬಿಳಿ ಮೈ, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪು. ಅದನ್ನು 'ಕಾಡಗಿ' ಎಂದೇ ಕರೆಯುತ್ತಿದ್ದಳು.

"ಮಾಸ್ತರ್ರ, ಯುದ್ಧಾ ಯಾಕ ಮಾಡ್ತೀರಿ? ಒಂದ್ ಮೂಲ್ಯಾಗ ಎರಡು ಬುಟ್ಟಿ ಉಸುಕು, ಒಂದ್ ಬುಟ್ಟಿ ಬೂದಿ ಸುರುವ್ರಿ. ಅವು ಅಲ್ಲೇ ಹೊಕ್ಕಾವು, ನಿಮ್ಮ ಮೆಂತೇಕ ಬರಂಗಿಲ್ಲ."

"ಯಕ್ಕಾ, ನನ್ನ ಹಿತ್ತಲದಾಗ ಅವಕ್ಕ ಪಾಲು ಕೊಡ್ಲೇನು?"

"ಸರ್ಕಾರ ನಮ್ಮ ಊರ ತೊಗೊಂತು, ಒಂದ್ ಮೂಲಿ ಕೊಟ್ಟಿಲ್ಲೇನ್ರಿ ನಮಗ? ಹಂಗ ಕೊಡ್ರಿ" ಎಂದು ನಕ್ಕಳು.

ಎರಡು ಬುಟ್ಟಿ ಉಸುಕು. ನಾನು ಹಾಕಲಿಲ್ಲ. ಮೂವತ್ತು ಮಕ್ಕಳನ್ನು ಕಣ್ಣಿನಲ್ಲೇ ಕೂರಿಸುವ ಮಾಸ್ತರನಿಗೆ ಐದು ಬೆಕ್ಕು ಸೋಲಿಸುವುದೆಂದರೇನು ಎಂಬ ಹಟ ನನ್ನದು.

ಗಂಗವ್ವನ ಶೆಡ್ಡಿನ ಬಗ್ಗೆ ಇಲ್ಲಿ ಹೇಳಬೇಕು. ಒಳಗೆ ಹಲಗೆಯ ಮೇಲೆ ಎರಡು ಚೀಲ ಜೋಳ ಇತ್ತು. ಉಣ್ಣುವ ಜೋಳವಲ್ಲ, ಬೀಜದ್ದು. ಮುಳುಗುವ ಹೊಲದ ಕಡೆಯ ಬೆಳೆಯಲ್ಲಿ ತೆನೆ ಆರಿಸಿ, ಬಡಿದು, ಬೂದಿ ಮತ್ತು ಬೇವಿನ ಎಲೆ ಬೆರೆಸಿ ಕಟ್ಟಿದ್ದಳು. ಆಕೆಯ ಅತ್ತೆಯ ಕಾಲದಿಂದ ವರ್ಷವೂ ಅದೇ ಬೀಜ. ಆ ಜೋಳದ ರೊಟ್ಟಿ ಮರುದಿನವೂ ಮಡಚಿದರೆ ಮುರಿಯುತ್ತಿರಲಿಲ್ಲ. ಹಳೆ ಮನೆಯಲ್ಲಿ ಅದಕ್ಕೆ ಗುಮ್ಮಿ, ಅಂದರೆ ಗೇಣು ದಪ್ಪದ ಗೋಡೆಯ ಮಣ್ಣಿನ ಕಣಜ ಇತ್ತು, ಇಲಿ ಹಲ್ಲು ಊರಲು ಆಗುತ್ತಿರಲಿಲ್ಲ. ಗುಮ್ಮಿಯನ್ನು ಎತ್ತಿಕೊಂಡು ಬರಲು ಬರುವುದಿಲ್ಲ. ಇಲ್ಲಿ ಗೋಣಿಚೀಲ, ಮತ್ತು ಚೀಲದ ಮೇಲೆ ಮಲಗುವ ಕಾಡಗಿ.

ಆ ಬೀಜದ ಮೇಲೆ ಒಂದು ಮಾತು ನಿಂತಿತ್ತು. ಪರಿಹಾರದಲ್ಲಿ ಅವರಿಗೆ ಗುಡ್ಡದ ಕೆಳಗೆ ನಾಲ್ಕು ಎಕರೆ ಕೆಂಪು ಮಸಾರಿ ಭೂಮಿ ಬಂದಿತ್ತು. ಮಗ ಮಲ್ಲಪ್ಪನಿಗೆ ಅದನ್ನು ಮಾರಿ ಬನಹಟ್ಟಿಯಲ್ಲಿ ಮಗ್ಗ ಹಾಕುವ ಆಸೆ. ತಾಯಿಗೆ ಹೊಲ ಬಿಡುವ ಮನಸ್ಸಿಲ್ಲ. ಬೇಸಿಗೆಯಿಡೀ ಅದೇ ಜಗಳ. ಕಡೆಗೆ ನನ್ನ ಮುಂದೆಯೇ, ನನ್ನ ಶೆಡ್ಡಿನಲ್ಲೇ ತೀರ್ಮಾನ ಆಗಿತ್ತು.

"ಹಿಂಗಾರಿಗೆ ನನ್ನ ಜ್ವಾಳ ಹಾಕ್ತೇನಿ. ಆ ಮಣ್ಣಿನಾಗ ನನ್ನ ಜ್ವಾಳ ಹುಟ್ಟಿದ್ರ ಹೊಲಾ ನಮ್ಮನ್ನ ಒಪ್ಪಿಕೊಂತು ಅಂತ ತಿಳಕೊಳ್ಳೂಣು. ಹುಟ್ಟಲಿಲ್ಲಂದ್ರ ನೀ ಹೇಳಿದಂಗ" ಎಂದಿದ್ದಳು ಗಂಗವ್ವ.

"ಮಾಸ್ತರ್ರ ಎದುರಿಗಿ ಹೇಳೀ ನೋಡವ್ವ, ಆಮ್ಯಾಲ ಮಾತು ತಿರುಗಿಸಬ್ಯಾಡ" ಎಂದಿದ್ದ ಮಲ್ಲಪ್ಪ.

ನಾನು ಸಾಕ್ಷಿಯಾಗಿ ತಲೆ ಆಡಿಸಿದ್ದೆ.

ನಾಗರಪಂಚಮಿಯ ಮರುದಿನ ನನ್ನ ತಾಳ್ಮೆ ಮುಗಿಯಿತು. ದಸರೆಯ ಹೂವಿಗೆಂದು ಬಿಟ್ಟಿದ್ದ ಸೇವಂತಿಗೆಯ ಸಸಿಗಳ ಸಾಲನ್ನೇ ಕೆದರಿ ಹಾಕಿದ್ದವು. ಬೆಕ್ಕನ್ನು ಕೊಲ್ಲುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕೆಂದು ಹೇಳುತ್ತಾರೆ. ಕೊಲ್ಲುವ ವಿಚಾರ ನನಗೂ ಬರಲಿಲ್ಲ. ದೂರ ಬಿಡುವುದಕ್ಕೆ ದೋಷವಿಲ್ಲ. ಚೀಲದಲ್ಲಿ ಹಾಕಿ, ದಾರಿ ಮರೆಯಲೆಂದು ಮೂರು ಸುತ್ತು ತಿರುಗಿಸಿ, ಹಳ್ಳ ದಾಟಿಸಿ ಬಿಟ್ಟರೆ ಮತ್ತೆ ಬರುವುದಿಲ್ಲ ಎಂಬುದು ನಮ್ಮ ಕಡೆಯ ರೂಢಿ.

ಎಲ್ಲಿ ಬಿಡುವುದು? ಹಳೆ ಊರೇ ಸರಿ ಅನಿಸಿತು. ಅವು ಅಲ್ಲೇ ಹುಟ್ಟಿದವು. ಜನ ಹೋದ ಊರಿನಲ್ಲಿ ಇಲಿಗೇನು ಕಡಿಮೆ? ಹೋದ ವರ್ಷ ನೀರು ಕೆಳಗಿನ ಓಣಿಯವರೆಗೆ ಬಂದು ಇಳಿದಿತ್ತು. ಮೇಲಿನ ಓಣಿ ಈ ವರ್ಷವೂ ಒಣಗಿರುತ್ತದೆ ಎಂದೇ ಎಲ್ಲರ ಮಾತು. ತವರಿಗೆ ಕಳಿಸಿದಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಾಗ ಸಣ್ಣಗೆ ನಗುವೂ ಬಂತು. ಅದು ಚೆನ್ನಾಗಿ ನೆನಪಿದೆ.

ಮಧ್ಯಾಹ್ನ ಸೆಂಟರಿನ ಹೆಂಗಸರೆಲ್ಲ ಜೋಕಾಲಿಯ ಕಡೆ ಹೋಗಿದ್ದರು. ಗಂಗವ್ವನೂ ಹೋಗಿದ್ದಳು. ನಾನು ಹಿತ್ತಲಲ್ಲಿ ಹಾಲು ರೊಟ್ಟಿ ಕಲಸಿ ಇಟ್ಟೆ. ಒಂದೊಂದಾಗಿ ಬಂದವು. ನಾಲ್ಕನ್ನು ಹಿಡಿಯುವಾಗ ಕೈಯೆಲ್ಲ ಪರಚಿದವು. ಕಾಡಗಿ ಪರಚಲಿಲ್ಲ. ಅದಕ್ಕೆ ನನ್ನ ಪರಿಚಯವಿತ್ತು, ಎತ್ತಿದರೆ ತೋಳಿನ ಮೇಲೆ ತಲೆ ಇಟ್ಟಿತು. ಅದನ್ನು ಬಿಡಬಹುದಿತ್ತು. ಒಂದನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ವ್ಯರ್ಥ ಎಂದು ಅದನ್ನೂ ಚೀಲಕ್ಕೆ ಹಾಕಿದೆ. ಶಾಂತಾ ಬಾಗಿಲಲ್ಲಿ ನಿಂತು ನೋಡಿದಳು.

"ಗಂಗವ್ವಂದು ಬ್ಯಾಡ್ರಿ."

"ಎಲ್ಲಾದಕ್ಕೂ ಒಂದ ನ್ಯಾಯ" ಅಂದೆ.

ರಾಜೇಸಾಬ ಉಳಿದ ಕಲ್ಲು ತರಲು ಹಳೆ ಊರಿಗೆ ಹೊರಟಿದ್ದ. ಅವನ ಟ್ರೇಲರಿನಲ್ಲಿ ಚೀಲ ಇಟ್ಟುಕೊಂಡು ಕೂತೆ. ದಾರಿಯಲ್ಲಿ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಊರಲ್ಲಿ ಇಳಿದು ನಮ್ಮ ಮನೆಯ ಪಡಸಾಲೆಗೆ ಹೋಗಿ, ಚೀಲವನ್ನು ಮೂರು ಸುತ್ತು ತಿರುಗಿಸಿ ಬಾಯಿ ಬಿಚ್ಚಿದೆ. ನಾಲ್ಕು ಓಡಿಹೋದವು. ಕಾಡಗಿ ಓಡದೆ ನನ್ನ ಕಾಲ ಹತ್ತಿರ ಕೂತು ಮೈ ನೆಕ್ಕಿಕೊಳ್ಳತೊಡಗಿತು.

"ಸರ, ಅದು ನಮ್ಮ ಗಂಗವ್ವಂದಲ್ರಿ?" ಎಂದ ರಾಜೇಸಾಬ.

"ಹೌದು. ಯಾರ ಮುಂದೂ ಹೇಳಬ್ಯಾಡ."

"ಹೇಳಂಗಿಲ್ರಿ" ಅಂದ. ಮುಖ ಬೇರೆ ಕಡೆ ತಿರುಗಿಸಿ ಕಲ್ಲು ಹೇರತೊಡಗಿದ.

ಮರುದಿನ ಬೆಳಿಗ್ಗೆ ಗಂಗವ್ವ ನಮ್ಮ ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಮಾಸ್ತರ್ರ, ಕಾಡಗಿ ಕಂಡೈತೇನ್ರಿ ನಿಮಗ?"

"ಇಲ್ಲ ಯಕ್ಕಾ. ಗಂಡಬೆಕ್ಕಿನ ಬೆನ್ನ ಹತ್ತಿ ಹೋಗಿರಬೇಕು. ಬರ್ತೈತಿ ಬಿಡು."

"ಅದು ಹಂಗ ಹೋಗೂದಲ್ರಿ. ನಿನ್ನಿ ಉಂಡಿ ಬುಟ್ಯಾಗ ಬಾಯಿ ಹಾಕಿತ್ತಂತ ಕಸಬರಿಗಿಲೆ ಒಂದ್ ಬಾರಿಸಿದ್ನಿ. ಹಬ್ಬದಾಗ ಹೊಡದೆ ನೋಡ್ರಿ, ಸಿಟ್ಟ ಮಾಡಿ ಹೋಗೈತಿ. ನಂದ ತಪ್ಪು."

ನಾನು ಬಾಯಿ ತೆರೆದೆ. ಒಳಗೆ ಶಾಂತಾ ತಟ್ಟೆ ಇಟ್ಟ ಸದ್ದು ಕೇಳಿಸಿತು. "ಬರ್ತೈತಿ ಬಿಡು" ಎಂದು ಇನ್ನೊಂದು ಸಲ ಅಂದೆ.

ಮೇಲೆ ಮಹಾರಾಷ್ಟ್ರದ ಕಡೆ ಮಳೆ ಜೋರಾಯಿತೆಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಹೊಳೆ ಏರಿತು. ನಾನು ಏಳನೆಯ ತರಗತಿಗೆ ಭೂಗೋಳ ಕಲಿಸುವವನು. ಹಿನ್ನೀರು ಎಂದರೇನು ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದವನು. ಆದರೂ ನಾನು ನೀರು ಹೊಳೆಯ ಮುಂದಿನಿಂದಲೇ, ಕೆಳಗಿನ ಓಣಿಯಿಂದಲೇ ಮೆಟ್ಟಿಲು ಹತ್ತಿದಂತೆ ಬರುತ್ತದೆಂದು ತಿಳಿದಿದ್ದೆ. ಹಿನ್ನೀರು ಹಾಗೆ ಬರುವುದಿಲ್ಲ. ಅದು ಮೊದಲು ಹಳ್ಳಗಳ ಬಾಯಿಗೆ ನುಗ್ಗಿ ಹಿಂದಕ್ಕೆ ಏರುತ್ತದೆ. ಊರಿಗೂ ಸೆಂಟರಿಗೂ ನಡುವಿನ ಹಳ್ಳ ಎರಡೇ ದಿನದಲ್ಲಿ ತುಂಬಿ, ಊರ ದಿನ್ನೆ ನಡುಗಡ್ಡೆಯಾಯಿತು. ಬೆಕ್ಕು ನಾಲ್ಕು ಮೈಲಿ ನಡೆದು ಬರಬಹುದಿತ್ತು. ಆ ನೀರು ದಾಟಿ ಬರುವಂತಿರಲಿಲ್ಲ.

ನೂಲ ಹುಣ್ಣಿಮೆಯ ಬೆಳಿಗ್ಗೆ, ಮೇಲಿನ ಓಣಿಗೂ ನೀರು ಹತ್ತಿದೆಯಂತೆ ಎಂದು ಸುದ್ದಿ ಬಂದಾಗ ಹದಿನೈದು ಇಪ್ಪತ್ತು ಜನ ನೋಡಲು ಹೋದೆವು. ಗಂಗವ್ವ ಬರಲಿಲ್ಲ, ಊರು ಮುಳುಗುವುದನ್ನು ನೋಡುವುದಿಲ್ಲವೆಂದು ಮನೆಯಲ್ಲೇ ಇದ್ದಳು. ನಾನು ಬನ್ನಿ ಗಿಡದ ಎಡಕ್ಕೆ ನಿಂತೆ. ಪಕ್ಕದಲ್ಲಿ ರಾಜೇಸಾಬ. ಕೆಳಗೆ, ದಂಡೆಗೆ ಕಟ್ಟಿದ ಹರಗೋಲಿನಲ್ಲಿ ಒಬ್ಬ ಅಂಬಿಗ ಬೀಡಿ ಸೇದುತ್ತ ಕೂತಿದ್ದ. ಯಾರಿಗಾದರೂ ಬಿಟ್ಟುಬಂದ ಸಾಮಾನು ತರಬೇಕಿದ್ದರೆ ಕರೆದೊಯ್ಯಲು ಬಂದಿದ್ದ.

"ಅಲ್ಲಿ ನೋಡ್ರಿ, ಬೆಕ್ಕು ಅದಾವು" ಎಂದು ಯಾರೋ ಕೈ ತೋರಿಸಿದರು.

"ಪಾಪ, ಯಾರ ಬಿಟ್ಟ ಬಂದಾರೋ ಏನೋ."

ಮೂರು. ಒಂದು ಕೆಂದು, ಒಂದು ಬೂದು, ಒಂದು ಬಿಳಿ. ಬಿಳಿಯದು ನಮ್ಮ ಕಡೆಗೇ ಮುಖ ಮಾಡಿತ್ತು. ಅಷ್ಟು ದೂರದಿಂದ ಕಣ್ಣಿನ ಕಪ್ಪು ಕಾಣುವುದಿಲ್ಲ. ಕಂಡಿತೆಂದು ನಾನು ಹೇಳುವುದಿಲ್ಲ. ಅದು ಬಾಯಿ ತೆರೆದು ಮುಚ್ಚುತ್ತಿತ್ತು. ನೀರಿನ ಸದ್ದಿನಲ್ಲಿ ದನಿ ಕೇಳಲಿಲ್ಲ.

ರಾಜೇಸಾಬ ನನ್ನ ಕಿವಿಯ ಹತ್ತಿರ ಬಂದ. "ಸರ, ಅಂಬಿಗಗ ಹೇಳ್ಲೇನ್ರಿ? ಹತ್ತು ನಿಮಿಷದಾಗ ಹೋಗಿ ಬರ್ತಾನ. ಖಾಲಿ ಕುಂತಾನ."

ಹೇಳಿದರೆ ಬೆಕ್ಕು ಬರುತ್ತವೆ. ಬಂದರೆ ಗಂಗವ್ವನ ಕೈಗೆ ಕೊಡಬೇಕು. ಅದು ಅಲ್ಲಿಗೆ ಹೇಗೆ ಹೋಯಿತೆಂದು ಹದಿನೈದು ಜನ ಕೇಳುತ್ತಾರೆ, ನಾಳೆ ಮಕ್ಕಳು ಕೇಳುತ್ತಾರೆ. ನಾನು ಇಷ್ಟನ್ನೂ ಒಂದೊಂದಾಗಿ ಯೋಚಿಸಿದೆ. ಗಾಬರಿಯಲ್ಲಿ ಬಾಯಿ ತಪ್ಪಿ ಬಂದ ಮಾತಲ್ಲ ಅದು.

"ಬ್ಯಾಡ" ಅಂದೆ. ಗಡಿಯಾರ ನೋಡಿ ಶಾಲೆಗೆ ಹೊರಟೆ.

ಮರುದಿನ ಒಬ್ಬನೇ ಹೋಗಿ ನೋಡಿದೆ. ಮಣ್ಣಿನ ಗೋಡೆ ನೆನೆದು ಕುಸಿದಿತ್ತು. ದಿನ್ನೆಯ ಮೇಲೆ ನೀರು ಸಪಾಟಾಗಿ ನಿಂತಿತ್ತು.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಸಂಗತಿ ಇತ್ತು. ಹೊಳೆದಂಡೆಯ ಹೊಲ, ಬದು, ಹಗೇವುಗಳಲ್ಲಿದ್ದ ಇಲಿಗಳು ನೀರು ಏರಿದಂತೆ ಮೇಲಕ್ಕೆ ಹೊರಟವು. ಎಲ್ಲಿಗೆ ಹೋಗಬೇಕು? ಜನ ಇದ್ದಲ್ಲಿಗೆ, ಕಾಳು ಇದ್ದಲ್ಲಿಗೆ. ಭಾದ್ರಪದದ ಮೊದಲ ವಾರದಲ್ಲೇ ಸೆಂಟರಿನಲ್ಲಿ ಹಗಲು ಹೊತ್ತಿನಲ್ಲೂ ಇಲಿ ಓಡಾಡತೊಡಗಿದವು. ಪತ್ರಾಸಿನ ಮೇಲೆ ಸದಾ ಸದ್ದು. ನನ್ನ ಮೂಲಂಗಿಯನ್ನು ಬುಡದಿಂದ ತಿಂದು ಸೊಪ್ಪನ್ನು ಮಾತ್ರ ನಿಲ್ಲಿಸಿ ಹೋದವು. ಜನ ಬೆಕ್ಕಿಗಾಗಿ ತೇರದಾಳದ ಬೀಗರವರೆಗೆ ಹೇಳಿ ಕಳಿಸಿದರು. ಸೆಂಟರಿನಲ್ಲಿದ್ದ ಐದೂ ಬೆಕ್ಕು ಒಂದೇ ದಿನ ಎಲ್ಲಿ ಹೋದವೆಂದು ಮಾತಾಡಿಕೊಂಡರು. ಮಾಸ್ತರನನ್ನು ಯಾರೂ ಕೇಳಲಿಲ್ಲ.

ಗಂಗವ್ವ ಚೀಲಗಳ ಸುತ್ತ ಮುಳ್ಳು ಇಟ್ಟಳು, ಮೇಲೆ ಕಲ್ಲು ಹೇರಿದಳು. ನೋಡಿದರೆ ಚೀಲ ತುಂಬಿಯೇ ಇದ್ದವು. ಮೇಲಿನ ಕಾಳಿನಲ್ಲಿ ಬೂದಿ ಇದ್ದದ್ದರಿಂದ ಏನೂ ತಿಳಿಯುತ್ತಿರಲಿಲ್ಲ.

ನವರಾತ್ರಿಯ ಮೊದಲ ದಿನ ಬೆಳಿಗ್ಗೆ ಆಕೆ ಸ್ನಾನ ಮಾಡಿ, ಹೊಸ ಬುಟ್ಟಿ ಹಿಡಿದು ನಮ್ಮ ಹಿತ್ತಲಿಗೆ ಬಂದಳು. ನಮ್ಮ ಕಡೆ ಆ ದಿನ ಘಟ ಹಾಕುತ್ತಾರೆ. ಬುಟ್ಟಿಯಲ್ಲಿ ಮಣ್ಣು ತುಂಬಿ, ನಡುವೆ ನೀರಿನ ತಂಬಿಗೆ ಇಟ್ಟು, ಸುತ್ತ ಕಾಳು ಬಿತ್ತಿ ದೇವಿಯೆಂದು ಪೂಜೆ ಮಾಡುತ್ತಾರೆ. ಒಂಬತ್ತು ದಿನದಲ್ಲಿ ಸಸಿ ಹೇಗೆ ಏಳುತ್ತದೋ ಹಾಗೆ ವರ್ಷದ ಬೆಳೆ. ಐದು ಧಾನ್ಯ ಹಾಕುವವರಿದ್ದಾರೆ. ಗಂಗವ್ವನ ಮನೆಯಲ್ಲಿ ಹಾಕುವುದು ಬೀಜದ ಜೋಳವೊಂದೇ.

"ಮಾಸ್ತರ್ರ, ಘಟಕ್ಕ ಒಂದ್ ಬುಟ್ಟಿ ಮಣ್ಣು ಕೊಡ್ರಿ. ನಮ್ಮೂರ ಮಣ್ಣು ಈಗ ನಿಮ್ಮ ಕಡೆ ಅಷ್ಟ ಐತಿ." ಬಗ್ಗಿ ಮೂಸಿ ನೋಡಿದಳು. "ಈಗ ಛಲೋ ಆಗೈತ್ರಿ ನಿಮ್ಮ ಹಿತ್ತಲಾ. ಒಂದೀಟೂ ಹೊಲಸಿಲ್ಲ. ದೇವಿಗಿ ಇಂಥಾದ್ದ ಬೇಕು."

ನಾನೇ ಗುದ್ದಲಿಯಿಂದ ತೆಗೆದು, ಕೈಯಿಂದ ಪುಡಿ ಮಾಡಿ, ಬುಟ್ಟಿ ತುಂಬಿ ಕೊಟ್ಟೆ.

ಮೂರನೆಯ ದಿನ ಮೊಳಕೆ ಕಾಣಬೇಕು. ಕಾಣಲಿಲ್ಲ. ನಾಲ್ಕನೆಯ ದಿನ ಕಾಣಲಿಲ್ಲ. ಐದನೆಯ ದಿನ ಸಂಜೆ ಶಾಂತಾ ಆರತಿಗೆ ಹೋಗಿ ಬಂದು, ಒಂದು ಮೂಲೆಯಲ್ಲಿ ಏಳೆಂಟು ಎಳೆ ಮಾತ್ರ ಎದ್ದಿವೆ, ಉಳಿದದ್ದು ಬೋಳು ಎಂದಳು. ಆರನೆಯ ದಿನ ಗಂಗವ್ವ ಎರಡೂ ಚೀಲಗಳನ್ನು ಅಂಗಳಕ್ಕೆ ಎಳೆದು ತಂದು ಬಿಚ್ಚಿ ಸುರಿದಳು. ಇಲಿಗಳು ಹಲಗೆಯ ಸಂದಿನಲ್ಲಿ, ಕೆಳಗಿನಿಂದಲೇ ತೂತು ಕೊರೆದು ಒಳಗೆ ಸೇರಿದ್ದವು. ಕಾಳು ಇತ್ತು. ಹೆಚ್ಚುಕಡಿಮೆ ಪ್ರತಿ ಕಾಳಿನ ತುದಿಯಲ್ಲಿ, ಮೊಳಕೆ ಹೊರಡುವ ಕಣ್ಣಿನ ಜಾಗದಲ್ಲಿ, ಸೂಜಿಮೊನೆಯಷ್ಟು ಗುಳಿ. ಇಲಿ ಮೊದಲು ತಿನ್ನುವುದು ಆ ಕಣ್ಣನ್ನೇ.

ಮಲ್ಲಪ್ಪ ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದು ನೋಡಿ ಮತ್ತೆ ಸುರಿದ. ಗೆದ್ದವನ ಮುಖವಾಗಿರಲಿಲ್ಲ ಅದು. "ಯವ್ವಾ, ಬಿಡು. ದೇವೀನ ಹೇಳ್ಯಾಳ" ಅಂದ.

"ದೇವಿ ಹೇಳಿಲ್ಲೋ. ಕಾಡಗಿ ಇದ್ದಿದ್ರ ಒಂದ್ ಇಲಿ ಹತ್ತಗೊಡ್ತಿರಲಿಲ್ಲ. ನಾ ಹೊಡದೆ, ಅದು ಹೋತು. ನನ್ನ ಕೈಲೆ ನಾನ ಮಾಡಿಕೊಂಡೆ."

ನಾನು ಎರಡು ಮಾರು ದೂರದಲ್ಲಿ, ನಡುಗೋಡೆಯ ಈಚೆ ನಿಂತಿದ್ದೆ. ಒಂದು ವಾಕ್ಯ ಸಾಕಿತ್ತು. ಬೀಜ ಮರಳಿ ಬರುತ್ತಿರಲಿಲ್ಲ, ಆದರೆ ಆ ಕೈಯನ್ನು ಆಕೆ ಹಾಗೆ ತಿರುಗಿಸಿ ನೋಡಿಕೊಳ್ಳುತ್ತಿರಲಿಲ್ಲ.

ಮೂರು ದಿನ ಆಕೆ ಮೊರ ಹಿಡಿದು ಕೂತು ಕಣ್ಣಿರುವ ಕಾಳು ಆರಿಸಿದಳು. ಶಾಂತಾ ಜೊತೆಗೆ ಕೂತಳು. ಎರಡು ಚೀಲಕ್ಕೆ ಒಂದು ಬೊಗಸೆ ಸಿಕ್ಕಿತು. ಹೊಲಕ್ಕೆ ಸಾಲದ ಆ ಬೊಗಸೆಯನ್ನು ತಂದು, "ನಿಮ್ಮ ಹಿತ್ತಲದಾಗ ಎರಡು ಸಾಲು ಹಾಕ್ಲೇನ್ರಿ? ಬೀಜಾ ಅರ ಉಳೀತೈತಿ" ಎಂದು ಕೇಳಿದಳು. ಮೆಂತ್ಯೆ ಕಿತ್ತು ಜಾಗ ಮಾಡಿ ಕೊಟ್ಟೆ. ಎರಡನೆಯ ಬೆಳಿಗ್ಗೆ ನೋಡಿದಾಗ ಸಾಲಿನುದ್ದಕ್ಕೂ ಕೆದರಿತ್ತು. ಹೊಟ್ಟು ಮಾತ್ರ ಬಿದ್ದಿತ್ತು. ಇಲಿಗಳಿಗೂ ಮೆತ್ತನೆಯ ಮಣ್ಣು ಇದ್ದದ್ದು ಅಲ್ಲೇ.

ಮಾತಿನ ಪ್ರಕಾರ ದೀಪಾವಳಿಯ ಒಳಗೆ ಹೊಲ ಮಾರಾಟವಾಯಿತು. ಕೊಂಡವರು ಜಮಖಂಡಿಯ ಕಡೆಯವರು, ಕಾಲುವೆ ಬರುತ್ತದೆಂದು ಕಾದು ಕಬ್ಬು ಹಾಕಿದರು. ಮಲ್ಲಪ್ಪ ಬನಹಟ್ಟಿಗೆ ಹೋಗಿ ಎರಡು ಮಗ್ಗ ಹಾಕಿದ. ತಾಯಿಯನ್ನು ಕರೆದ. ಒಂದು ತಿಂಗಳು ಇದ್ದು, ಮಗ್ಗದ ಸದ್ದಿಗೆ ತಲೆ ಹಿಡಿಯುತ್ತದೆಂದು ಆಕೆ ತಿರುಗಿ ಬಂದಳು. ಬಂದು, ಮಾರಿದ ಅದೇ ಹೊಲಕ್ಕೆ ಕಬ್ಬಿನ ಕಳೆ ತೆಗೆಯಲು ಹತ್ತು ಹೆಂಗಸರ ಜೊತೆ ಕೂಲಿಗೆ ಹೋದಳು. ಬೆಳಿಗ್ಗೆ ಶಾಲೆಗೆ ಹೋಗುವಾಗ ನನ್ನ ಸೈಕಲ್ಲು ಆ ಹೊಲದ ಬದಿಗೇ ಹಾದುಹೋಗುತ್ತಿತ್ತು. "ಹೊಂಟ್ರೇನ್ರಿ ಮಾಸ್ತರ್ರ" ಎಂದು ಆಕೆ ಕೂಗುತ್ತಿದ್ದಳು. "ಹೊಂಟೆ ಯಕ್ಕಾ" ಎನ್ನುತ್ತಿದ್ದೆ. ನಾನು ಬೀಳಗಿಗೆ ವರ್ಗವಾಗುವವರೆಗೆ, ಅಂದರೆ ಆರು ವರ್ಷ, ಹೀಗೆಯೇ ನಡೆಯಿತು. ವರ್ಗವಾದ ಮೇಲೂ ಮನೆ ಬದಲಿಸದೆ ಬಸ್ಸಿನಲ್ಲಿ ಓಡಾಡಿದೆ. ಆ ವರ್ಷದ ನಂತರ ಹಿತ್ತಲಲ್ಲಿ ಮೆಂತ್ಯೆ ಸೊಗಸಾಗಿ ಬಂತು. ಮನೆಯಲ್ಲಿ ಯಾರೂ ಹೆಚ್ಚು ತಿನ್ನಲಿಲ್ಲ.

ನಾನು ಮಾಡಿದ್ದನ್ನು ಸಣ್ಣದು ಮಾಡಿ ಹೇಳುವ ದಾರಿಗಳು ನನಗೆ ಗೊತ್ತಿವೆ. ಊರೇ ಮುಳುಗಿತು, ಬೆಕ್ಕು ಯಾವ ಲೆಕ್ಕ. ಮಸಾರಿಯಲ್ಲಿ ಆ ಜೋಳ ಹೇಗೂ ಬರುತ್ತಿರಲಿಲ್ಲವೇನೋ. ಮಗ ಹೇಗೂ ಮಾರುತ್ತಿದ್ದನೇನೋ. ಇವನ್ನೆಲ್ಲ ನಾನು ವರ್ಷಗಟ್ಟಲೆ ಹೇಳಿಕೊಂಡಿದ್ದೇನೆ. ಆದರೆ ಹರಗೋಲು ಖಾಲಿ ಇತ್ತು, ಅಂಬಿಗ ಕೂತಿದ್ದ, ನನ್ನನ್ನು ಕೇಳಲಾಗಿತ್ತು, ಮತ್ತು ನಾನು ಬೇಡ ಅಂದೆ.

ಹೋದ ವಾರ ಹಿತ್ತಲಲ್ಲಿ ಆ ವಾಸನೆ ಬಂದ ಮೇಲೆ ರಾಜೇಸಾಬನನ್ನು ಹುಡುಕಿಕೊಂಡು ಹೋದೆ. ಈಗ ಟ್ರ್ಯಾಕ್ಟರ್ ಮಗನ ಕೈಗೆ ಕೊಟ್ಟು ಮನೆಯಲ್ಲಿರುತ್ತಾನೆ. ಯಾರ ಮುಂದಾದರೂ ಹೇಳಿದ್ದೀಯಾ ಎಂದು ಕೇಳಿದೆ.

"ಇಲ್ರಿ ಸರ. ನೀವು ಬ್ಯಾಡಂದ್ರಿ ಖರೆ, ಆದ್ರ ಅಂಬಿಗನ್ನ ಕೂಗಾಕ ನನಗೂ ಬಾಯಿತ್ತಲ್ರಿ. ನಾನೂ ಕೂಗಲಿಲ್ಲ" ಎಂದ. ಚಹಾ ತರಿಸಿದ. ಇಬ್ಬರೂ ಕುಡಿದೆವು.

ಅಂಬಿಗ ತೀರಿಕೊಂಡು ಬಹಳ ದಿನವಾಯಿತು. ದಂಡೆಯಲ್ಲಿ ನಿಂತಿದ್ದ ಉಳಿದವರಿಗೆ ಅವು ಯಾರ ಬೆಕ್ಕುಗಳೆಂದು ಗೊತ್ತಿರಲಿಲ್ಲ. ಚೀಲ ಕಟ್ಟಿದ್ದನ್ನು ನೋಡಿದವಳು ಶಾಂತಾ, ಇದ್ದಾಳೆ. ಚೀಲ ಬಿಚ್ಚಿದ್ದನ್ನೂ ಗೋಡೆಯ ಮೇಲಿನ ಮೂರನ್ನೂ ನೋಡಿದವನು ರಾಜೇಸಾಬ, ಗಲಗಲಿಗೆ ಹೋಗುವ ರಸ್ತೆಯ ಬದಿಯ ಮನೆಯಲ್ಲಿ ಇದ್ದಾನೆ. ನಾನು ಬರೆದದ್ದರಲ್ಲಿ ಹೆಚ್ಚುಕಡಿಮೆ ಇದ್ದರೆ ಆತ ಹೇಳುತ್ತಾನೆ. ಗಂಗವ್ವ ಏನನ್ನೂ ನೋಡಲಿಲ್ಲ. ಆಕೆಯೂ ಇದ್ದಾಳೆ, ನಮ್ಮ ನಡುಗೋಡೆಯ ಆಚೆ.